ಆರ್ಮಿ ಕಟ್ಟುವಾಗ ಜಾಗ ಹಿಡಿಯುವವರನ್ನು ಮರೆಯಬೇಡಿ

ದಾವಣಗೆರೆ ಗೆಳೆಯರೇ, ಹೊಸದಾಗಿ ವಾರ್‌ಹ್ಯಾಮರ್ 40,000 (ಮೇಜಿನ ಮೇಲೆ ಪುಟ್ಟ ಸೈನಿಕರ ಮಾಡೆಲ್ ಇಟ್ಟು ಆಡುವ ಯುದ್ಧದ ಆಟ) ಶುರು ಮಾಡಿದವರಿಗೆ ಒಂದು ಮಾತು. ದೊಡ್ಡ ಗನ್ ಇರುವ ಮಾಡೆಲ್‌ಗಳನ್ನೇ ತುಂಬಬೇಡಿ. ಆಟ 5 ರೌಂಡ್. ಗೆಲುವು ಮುಖ್ಯವಾಗಿ ಮೇಜಿನ ಮೇಲೆ ಗುರುತು ಮಾಡಿದ ಜಾಗಗಳನ್ನು (ಮಾರ್ಕರ್) ಹಿಡಿದು ಗಳಿಸುವ ಪಾಯಿಂಟ್ ಮೇಲೆ, ಎಷ್ಟು ಜನರನ್ನು ಹೊಡೆದಿರಿ ಅನ್ನುವುದರ ಮೇಲಲ್ಲ.

10ನೇ ಆವೃತ್ತಿಯಲ್ಲಿ ಪ್ರತಿ ಮಾಡೆಲ್‌ಗೂ ಆಬ್ಜೆಕ್ಟಿವ್ ಕಂಟ್ರೋಲ್ ಅಂತ ಒಂದು ಸಂಖ್ಯೆ ಇದೆ. ಮಾರ್ಕರ್ ಹತ್ತಿರ ಯಾರ ಮೊತ್ತ ಜಾಸ್ತಿಯೋ ಆ ಜಾಗ ಅವರದು. ದಪ್ಪ ಕವಚದ ಸೈನಿಕ ಟರ್ಮಿನೇಟರ್‌ಗೆ 1, ಸಾಧಾರಣ ಕಾಲಾಳು ಇಂಟರ್ಸೆಸರ್‌ಗೆ 2. ಅಂದರೆ ಮಾರ್ಕರ್‌ನಿಂದ 3 ಇಂಚಿನೊಳಗೆ ಐದು ಇಂಟರ್ಸೆಸರ್ ನಿಂತರೆ 10, ಐದು ಟರ್ಮಿನೇಟರ್ ನಿಂತರೆ ಬರೀ 5. ಹೋದ ಭಾನುವಾರ ನನ್ನ ಟರ್ಮಿನೇಟರ್‌ಗಳಲ್ಲಿ ಒಬ್ಬನೂ ಸಾಯಲಿಲ್ಲ. ಆದರೂ ಮಧ್ಯದ ಮಾರ್ಕರ್ ಕೈ ತಪ್ಪಿತು. ತುಂಬಾ ಬೇಜಾರಾಯಿತು.

ಇನ್ನೊಂದು, ಹಿಂದೆ ಕಾವಲಿಗೆ ಯಾರನ್ನಾದರೂ ಬಿಡಿ. ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದ್ದೀರಲ್ವಾ? ಎದುರಾಳಿ ನುಗ್ಗಲು ಅಷ್ಟು ಸಣ್ಣ ಸಂದಿ ಸಾಕು. ಡೀಪ್ ಸ್ಟ್ರೈಕ್‌ನಲ್ಲಿ, ಅಂದರೆ ಆಟದ ಮಧ್ಯೆ ನೇರವಾಗಿ ಮೇಜಿನ ಮೇಲೆ ಇಳಿಯುವ ಎದುರಾಳಿ ಕಡೆಯವರು ನಿಮ್ಮ ಎಲ್ಲಾ ಮಾಡೆಲ್‌ಗಳಿಂದ 9 ಇಂಚಿಗಿಂತ ಜಾಸ್ತಿ ದೂರ ಇರಬೇಕು. ಅದಕ್ಕೇ ಆರ್ಮಿ ಕಟ್ಟುವಾಗ ಕಡಿಮೆ ಪಾಯಿಂಟ್ ಖರ್ಚಾಗುವ ಐದು ಜನರನ್ನು 2 ಇಂಚು ಬಿಟ್ಟು ಬಿಟ್ಟು ಸಾಲಾಗಿ ನಿಲ್ಲಿಸಿ, ಟೇಪ್ ಹಿಡಿದು ಅಳೆಯಿರಿ. ಮೂಲೆಯಲ್ಲಿ ಅಂಗೈಯಗಲ ಜಾಗ ಉಳಿದರೂ ಅಲ್ಲೇ ಇಳಿದುಬಿಡುತ್ತಾರೆ. ಎದುರಾಳಿಯ ರಿಸರ್ವ್ (ಇನ್ನೂ ಮೇಜಿಗೆ ಇಳಿಸದ ಪಡೆ) ಪೂರ್ತಿ ಇಳಿಯುವ ತನಕ ನಿಮ್ಮ ಆ ಐವರನ್ನು ಅಲ್ಲಿಂದ ಕದಲಿಸಬೇಡಿ.