ಕರಿ ಒಂದು, ಕರಿ ನಾಲ್ಕು

ಡೊಂಬಿವಿಲಿಯ ನಮ್ಮ ಮನೆಯಲ್ಲಿ ಎಲ್ಲರ ಶ್ರುತಿಯನ್ನೂ ಎರಡೇ ಆಧಾರ ಸ್ವರಗಳಿಗೆ ಹೊಂದಿಸಿದರೆ, ನಾಲ್ಕೈದು ಜನ ಏಕಕಾಲಕ್ಕೆ ಸಂಗೀತದ ಅಭ್ಯಾಸಕ್ಕೆ ಕುಳಿತರೂ ಯಾರ ತಲೆಯೂ ಕೆಡದಂತೆ ಮಾಡಬಹುದು ಎಂದು ನಾನು ಹೇಳಿದಾಗ ನಂಬಿದವರು ಒಬ್ಬರೂ ಇರಲಿಲ್ಲ. ಹೆಂಡತಿಯ ಗುರುಗಳು ನಕ್ಕು ಸುಮ್ಮನಾದರು. ಮಗಳಿಗೆ ಪಿಟೀಲು ಹೇಳಿಕೊಡುವ ಮೇಡಂ, "ಮನೆಯ ಅನುಕೂಲಕ್ಕೆ ಶ್ರುತಿ ಬದಲಿಸುವುದುಂಟೇ?" ಎಂದು ಕೇಳಿದರು. ಅಪ್ಪನಂತೂ, "ಮನೆಯನ್ನೇ ಹಾರ್ಮೋನಿಯಂ ಪೇಟಿ ಮಾಡಲು ಹೊರಟಿದ್ದೀಯೇನೋ" ಎಂದು ಗೇಲಿ ಮಾಡಿದರು. ಈ ಏರ್ಪಾಟು ಎರಡು ಮಳೆಗಾಲ ದಾಟಿದೆ. ಗುರುಗಳೇ ಕಳೆದ ತಿಂಗಳು ತಮ್ಮ ಇನ್ನೊಬ್ಬ ಶಿಷ್ಯೆಯನ್ನು ನಮ್ಮಲ್ಲಿಗೆ ನೋಡಿ ಬರಲು ಕಳುಹಿಸಿದ್ದರು. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಎರಡು ಮಲಗುವ ಕೋಣೆ, ಒಂದು ಹಾಲ್, ಏಳು ಜನ. ಅಪ್ಪನ ಹಾರ್ಮೋನಿಯಂ ಧಾರವಾಡದಿಂದ ಸಾಮಾನಿನ ಲಾರಿಯಲ್ಲಿ ಬಂದದ್ದು. ಅಮ್ಮ ದೇವರನಾಮ ಹಾಡುತ್ತಾರೆ. ಹೆಂಡತಿ ಹಿಂದೂಸ್ತಾನಿ ಗಾಯನ ಕಲಿಯುತ್ತಾಳೆ, ಮಗಳದು ಕರ್ನಾಟಕ ಪಿಟೀಲು, ಮಗನದು ಗಿಟಾರ್. ಓದಲು ಬಂದು ನಮ್ಮಲ್ಲೇ ಉಳಿದ ಅಕ್ಕನ ಮಗ ತಬಲಾ ತಂದ. ನನ್ನದು ಬಾನ್ಸುರಿ, ಅಂದರೆ ಹಿಂದೂಸ್ತಾನಿ ಕೊಳಲು. ಸಂಘದ ಗಣೇಶೋತ್ಸವ ಬಿಟ್ಟರೆ ನಮ್ಮಲ್ಲಿ ಯಾರೂ ವೇದಿಕೆ ಹತ್ತಿದವರಲ್ಲ.

ಮೊದಲು ಎಲ್ಲರಂತೆ ನಾನೂ ಸದ್ದಿನ ಹಿಂದೆ ಬಿದ್ದೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದೆವು. ಅವು ಕೋಣೆಯೊಳಗಿನ ಮಾರ್ದನಿಯನ್ನು ಸ್ವಲ್ಪ ನುಂಗುತ್ತವೆಯೇ ಹೊರತು ಸದ್ದು ಆಚೆ ಹೋಗುವುದನ್ನು ತಡೆಯುವುದಿಲ್ಲ. ಅದು ಬಾಗಿಲ ಕೆಳಗಿನ ಸಂದಿಯಿಂದಲೂ ಕಿಟಕಿಯಿಂದಲೂ ಆರಾಮವಾಗಿ ಹೊರಡುತ್ತದೆ. ಜುಲೈ ಬಂತು, ಟ್ರೇಗಳು ತೇವ ಕುಡಿದು ಬೂಷ್ಟು ಹಿಡಿದವು, ಹಿಂದೆ ಜಿರಳೆ ಸಂಸಾರ ಹೂಡಿತು. ಆಮೇಲೆ ಫೋಮ್ ಹಾಳೆ ತಂದೆ. ಏಳೆಂಟು ಸಾವಿರ ಹೋಯಿತು, ಫಲ ಅಷ್ಟಕ್ಕಷ್ಟೇ. ವೇಳಾಪಟ್ಟಿಯನ್ನೂ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಎಂಟೂ ಹತ್ತರ ಲೋಕಲ್ ಹಿಡಿದು ಹೋಗಿ ರಾತ್ರಿ ಎಂಟಕ್ಕೆ ಬರುವ ಮನೆಯಲ್ಲಿ ಎಲ್ಲರಿಗೂ ಉಳಿಯುವುದು ಅದೇ ಎರಡು ಗಂಟೆ. ಹತ್ತರ ನಂತರ ಹೇಗೂ ಮುಚ್ಚಬೇಕು. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಅದನ್ನು ನಮ್ಮ ಸೊಸೈಟಿಯ ಕಾರ್ಯದರ್ಶಿಗಳು ಬಾಯಿಪಾಠ ಮಾಡಿದ್ದಾರೆ.

ನಿಜವಾದ ಕಾಟ ಜೋರು ಸದ್ದಿನದಲ್ಲ. ಅರ್ಧ ಸ್ವರದ ಅಂತರದಲ್ಲಿ ನಿಂತ ಎರಡು ಷಡ್ಜಗಳದು, ಅಂದರೆ ಇಬ್ಬರು ಆಧಾರವಾಗಿ ಹಿಡಿದ ಎರಡು 'ಸ'ಗಳದು. ಅಪ್ಪ ಕರಿ ಒಂದರಲ್ಲಿ (ಹಾರ್ಮೋನಿಯಂ ಸಪ್ತಕದ ಮೊದಲ ಕಪ್ಪು ಮನೆ) ನುಡಿಸುತ್ತಿದ್ದರೆ ಆಚೆ ಕೋಣೆಯಲ್ಲಿ ಮಗಳು ಎರಡು ಕಟ್ಟೆಯಲ್ಲಿ (ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಅದರ ಮುಂದಿನ ಬಿಳಿ ಮನೆ) ಸರಳೆ ವರಸೆ ಹಿಡಿದಿರುತ್ತಿದ್ದಳು. ಬಾಗಿಲು ಮುಚ್ಚಿದಷ್ಟೂ ಹಿಂಸೆ ಹೆಚ್ಚು, ಏಕೆಂದರೆ ಆಗ ಸಾಹಿತ್ಯ, ಲಯ ಎಲ್ಲ ಮಸುಕಾಗಿ ಆಧಾರ ಸ್ವರ ಮಾತ್ರ ಗೋಡೆ ದಾಟಿ ಬರುತ್ತದೆ.

ದಾರಿ ತೋರಿಸಿದ್ದು ಹಿಂದೂಸ್ತಾನಿ ಗಾಯಕ ಪಂಡಿತ್ ಜಸರಾಜ್ ರೂಪಿಸಿದ ಜಸರಂಗಿ. ಗಂಡು ಹೆಣ್ಣು ಇಬ್ಬರೂ ತಮ್ಮ ತಮ್ಮ ಶ್ರುತಿಯಲ್ಲೇ, ಬೇರೆ ಬೇರೆ ರಾಗ ಹಾಡುವ ಜುಗಲಬಂದಿ ಅದು. ಗಂಡಿನ ಪಂಚಮವೇ (ಪ) ಹೆಣ್ಣಿನ ಷಡ್ಜ, ಹೆಣ್ಣಿನ ಮಧ್ಯಮವೇ (ಮ) ಗಂಡಿನ ಷಡ್ಜ. ವೇದಿಕೆಯ ಮೇಲೆ ಇಬ್ಬರಿಗೆ ಒಗ್ಗುವುದು ಮೂರು ಕೋಣೆಗಳಿಗೆ ಏಕೆ ಒಗ್ಗಬಾರದು? ಅಪ್ಪನದು ಕರಿ ಒಂದು, ಹೆಂಡತಿಯದು ಕರಿ ನಾಲ್ಕು. ಕರಿ ಒಂದರ ಪಂಚಮವೇ ಕರಿ ನಾಲ್ಕು, ಲೆಕ್ಕ ಮನೆಯಲ್ಲೇ ಇತ್ತು. ಉಳಿದವರನ್ನೆಲ್ಲ ಈ ಎರಡರಲ್ಲಿ ಒಂದಕ್ಕೆ ತರುವುದಷ್ಟೇ ಬಾಕಿ.

"ಅಷ್ಟೇ" ಎಂಬುದಕ್ಕೆ ಹಿಡಿದ ಹಣದ ಕಥೆ ಕೇಳಿ. ಅಪ್ಪನ ಹಾರ್ಮೋನಿಯಂ ಹಳೆಯದು, ಈಗ ವಾದ್ಯಗಳನ್ನು ಕೂಡಿಸುವ 440 ಹರ್ಟ್ಸ್ ಅಳತೆಗಿಂತ ಕಾಲು ಸ್ವರದಷ್ಟು ಮೇಲಿತ್ತು. ಗಿಟಾರ್‌ಗೂ ಅದಕ್ಕೂ ಹುಟ್ಟಾ ವೈರ. ರೀಡ್‌ಗಳ (ಸ್ವರ ಹೊರಡಿಸುವ ಲೋಹದ ನಾಲಗೆಗಳ) ಶ್ರುತಿ ಇಳಿಸಿಕೊಡುತ್ತೇನೆಂದ ಒಬ್ಬ ರಿಪೇರಿಯವ ಎರಡು ಸಾವಿರ ತೆಗೆದುಕೊಂಡು, ಬುಡದಲ್ಲಿ ಕೆರೆಯಬೇಕಾದದ್ದನ್ನು ತುದಿಯಲ್ಲಿ ಕೆರೆದು ಇನ್ನೂ ಮೇಲೆ ಏರಿಸಿಟ್ಟ. ಅಪ್ಪ ಒಂದು ವಾರ ನನ್ನೊಂದಿಗೆ ಮಾತು ಬಿಟ್ಟಿದ್ದರು. ಎರಡನೆಯವನು ಹಿರಿಯ, ಆರು ಸಾವಿರದ ಆಸುಪಾಸು ಕೇಳಿದ, ಕೆಲವು ರೀಡ್ ಬದಲಿಸಿದ, ಕೆಲಸ ಚೊಕ್ಕ. ಹಾರ್ಮೋನಿಯಂನ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಹದಿನಾಲ್ಕು ಸೆಂಟ್ (ಅರ್ಧ ಸ್ವರಕ್ಕೆ ನೂರು ಸೆಂಟ್) ಮೇಲೆ ಎಂದು ಹೆಂಡತಿ ಗೊಣಗುವುದು ಇದ್ದೇ ಇದೆ. ಆದರೆ ಪಂಚಮದ ವ್ಯತ್ಯಾಸ ಎರಡೇ ಸೆಂಟ್. ಗೋಡೆ ದಾಟುವುದು ಷಡ್ಜ ಪಂಚಮಗಳೇ ಆದ್ದರಿಂದ ನಮ್ಮ ವ್ಯವಸ್ಥೆ ಅಲ್ಲಿ ನಿಂತಿದೆ. (1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟು ಮೂರು ದಶಕ ಒಳಗೆ ಬಿಡಲಿಲ್ಲ ಎಂದು ಅವಳು ನೆನಪಿಸಿದರೆ, ಕೊನೆಗೆ ಬಿಟ್ಟರಲ್ಲ ಎಂದು ಅಪ್ಪ ಹೇಳುತ್ತಾರೆ.)

ತಂಬೂರಿ ಮಿರಜದ್ದು. ಊರಿಗೆ ಹೋಗುವ ದಾರಿಯಲ್ಲೇ ಮಿರಜ ಸಿಗುವುದರಿಂದ ಸಾಗಣೆ ಖರ್ಚು ಉಳಿಯಿತು. ಆದರೂ ಮೂವತ್ತು ಸಾವಿರದ ಹತ್ತಿರ ಬಿತ್ತು. ಮೊದಲ ತಂತಿ ಕರಿ ನಾಲ್ಕು, ಉಳಿದವು ಕರಿ ಒಂದು. ಅಪ್ಪನಿಗೆ ಅದು ಪಂಚಮದ ತಂಬೂರಿ, ಹೆಂಡತಿಗೆ ಮಧ್ಯಮದ್ದು. ಮೊದಲ ತಿಂಗಳು ಇದು ಕೆಲಸ ಮಾಡಲಿಲ್ಲ. ಮೂರು ತಂತಿಗಳ ಎಳೆತಕ್ಕೆ ಸಿಕ್ಕಿ ಅವಳ ಕಿವಿ ಜಾರಿ ಕರಿ ಒಂದಕ್ಕೇ ಹೋಗಿ ಕೂರುತ್ತಿತ್ತು. ಕುದುರೆಯ ಮೇಲೆ ಮೊದಲ ತಂತಿಯ ಜವಾರಿಯನ್ನು (ನೂಲು ಸಿಕ್ಕಿಸಿ ಬರಿಸುವ ಝೇಂಕಾರವನ್ನು) ಬೇರೆ ರೀತಿ ತೆರೆಸಿದ ಮೇಲೆ ಸರಿಹೋಯಿತು. ಯಾವ ನೂಲು, ಎಲ್ಲಿಗೆ ಸರಿಸಬೇಕು ಎಂಬುದನ್ನು ಮಾತ್ರ ಹೇಳಲಾರೆ. ಅದನ್ನು ಕಲಿಯಲು ನಾನು ಬಹಳ ಚಹಾ ಕುಡಿಸಿದ್ದೇನೆ.

ತಬಲಾ ಸುಲಭ ಎಂದುಕೊಂಡಿದ್ದೆ. ಅಕ್ಕನ ಮಗನ ಬಳಿ ಇದ್ದದ್ದು ಐದೂಕಾಲು ಇಂಚು ಬಾಯಿಯ ಕರಿ ಒಂದರ ತಬಲಾ. ಅದರ ಟಣತ್ಕಾರ ಅಡುಗೆಮನೆಯವರೆಗೂ ಚುಚ್ಚುತ್ತಿತ್ತು. ಅದನ್ನು ಮಾರಿ ಆರು ಇಂಚಿನ ಹತ್ತಿರದ ಕರಿ ನಾಲ್ಕರದ್ದು ಕೊಡಿಸಿದೆ. ಅಪ್ಪನಿಗೆ ಪಂಚಮ, ಹೆಂಡತಿಗೆ ಷಡ್ಜ, ದನಿಯೂ ಮೃದು. ಕಾಟ ಕೊಟ್ಟಿದ್ದು ಹವೆ. ಮಳೆಗಾಲದಲ್ಲಿ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ, ಹುಡುಗ ಸುತ್ತಿಗೆಯಿಂದ ಬಡಿದು ಏರಿಸುತ್ತಾನೆ, ಮುಂಬಯಿಯ ಅಕ್ಟೋಬರ್ ಬಿಸಿಲಿಗೆ ಅದೇ ಚರ್ಮ ಬಿಗಿದು ಒಂದು ಮಧ್ಯಾಹ್ನ ತಾನಾಗಿಯೇ ಸೀಳುತ್ತದೆ. ಪುಡಿ, ಅಂದರೆ ಹೊಸ ಚರ್ಮದ ಮುಚ್ಚಳ, ಹಾಕಿಸಲು ಪ್ರತಿ ಸಲ ಸಾವಿರದೈನೂರೋ ಎರಡು ಸಾವಿರವೋ. ಈಗ ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಗಟ್ಟಾಗಳನ್ನು (ಬಾರುಗಳ ಕೆಳಗಿನ ಮರದ ತುಂಡುಗಳನ್ನು) ಮೇಲಕ್ಕೆ ಸರಿಸಿ ಚರ್ಮ ಸಡಿಲಿಸಿಡುವುದು ಮನೆಯ ಕಾನೂನು. ಮಳೆಗಾಲದಲ್ಲಿ ಬಟ್ಟೆಯ ಕಪಾಟಿನ ಕೆಳಖಾನೆಯಲ್ಲಿ ಹದಿನೈದು ವಾಟ್ ಬಲ್ಬು ಉರಿಸಿ ಅಲ್ಲೇ ತಬಲಾ ಇಡುತ್ತೇವೆ. ಹೆಂಡತಿಯ ರೇಷ್ಮೆ ಸೀರೆಗಳೂ ಬೂಷ್ಟಿನಿಂದ ಪಾರಾದವು, ಹೀಗಾಗಿ ವಿದ್ಯುತ್ ಬಿಲ್ಲಿನ ಬಗ್ಗೆ ತಕರಾರಿಲ್ಲ.

ಮಗಳನ್ನು ಎರಡು ಕಟ್ಟೆಯಿಂದ ಒಂದೂವರೆಗೆ, ಅಂದರೆ ಕರಿ ಒಂದಕ್ಕೆ, ಇಳಿಸಿದಾಗ ಮಂದ್ರದ ತಂತಿ ಸಡಿಲಾಗಿ ಬಡಿದುಕೊಳ್ಳತೊಡಗಿತು. ದಪ್ಪ ತಂತಿ ಹಾಕಿದೆವು, ಮುಗಿಯಿತು. ಸ ಪ ಸ ಪ ಕೂಡಿಸಿದ ಪಿಟೀಲಿನಲ್ಲಿ ಖಾಲಿ ತಂತಿ ಯಾವುದನ್ನು ಎಳೆದರೂ ಅದು ಮನೆಯ ಎರಡು ಆಧಾರಗಳಲ್ಲಿ ಒಂದೇ. ಮೇಡಂ ಸೋತದ್ದು ಅಲ್ಲಿ. ಗಿಟಾರ್‌ಗೆ ಇನ್ನೂರೈವತ್ತು ರೂಪಾಯಿಯ ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಅದುಮುವ ಕ್ಲಿಪ್ಪು, ಸಾಕಾಯಿತು. ಮೊದಲ ಮನೆಗೆ ಹಾಕಿ ಸಿ ಕಾರ್ಡ್ ಹಿಡಿದರೆ ಕರಿ ಒಂದು, ಜಿ ಹಿಡಿದರೆ ಕರಿ ನಾಲ್ಕು. ದುಃಖದ ಹಾಡಾದರೆ ನಾಲ್ಕನೇ ಮನೆಗೆ ಸರಿಸಿ ಎ ಮೈನರ್. ನನ್ನದೇ ಕಷ್ಟ ಹೆಚ್ಚು. ಕರಿ ಒಂದರ ಉದ್ದ ಬಾನ್ಸುರಿಗೆ ಬೆರಳು ಎಟುಕಲಿಲ್ಲ, ಮೇಲಿನ ಸಪ್ತಕದ ಪುಟ್ಟದ್ದು ಸೀಟಿಯ ಹಾಗೆ ಚೀರಿತು. ಕರಿ ನಾಲ್ಕರದ್ದು ಕೈಗೆ ಹೊಂದಿತು.

ಆಧಾರಗಳು ಹೊಂದಿದ ಮೇಲೆ ರಾಗಗಳ ಜೋಡಿ. ಅಪ್ಪ ಭೂಪ್ ನುಡಿಸಿದರೆ ಅದೇ ಐದು ಮನೆಗಳಲ್ಲಿ ಹೆಂಡತಿಗೆ ದುರ್ಗಾ. ಅಪ್ಪ ಯಮನ್ ಹಿಡಿದರೆ ಅವಳಿಗೆ ಬಿಲಾವಲ್. ಮಗಳ ಭಾಷೆಯಲ್ಲಿ ಮೋಹನಕ್ಕೆ ಶುದ್ಧ ಸಾವೇರಿ, ಕಲ್ಯಾಣಿಗೆ ಶಂಕರಾಭರಣ. ವಾರದ ಜೋಡಿಯನ್ನು ಭಾನುವಾರವೇ ಗೊತ್ತು ಮಾಡುತ್ತೇವೆ. ಒಂದು ಸಂಜೆ ಹಾಲ್‌ನಲ್ಲಿ ಭೂಪ್, ಕೋಣೆಯಲ್ಲಿ ದುರ್ಗಾ, ಬಾಲ್ಕನಿಯಲ್ಲಿ ಗಿಟಾರ್ ನಡೆಯುತ್ತಿದ್ದಾಗ ಕಾರ್ಯದರ್ಶಿಗಳು ಬಂದು ಕದ ತಟ್ಟಿದರು. ದೂರು ಎಂದುಕೊಂಡೆ. "ಯಾವ ಸಿ.ಡಿ.?" ಎಂದು ಮರಾಠಿಯಲ್ಲಿ ಕೇಳಿದರು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ತೂತುಗಳಿಲ್ಲವೆಂದಲ್ಲ. ಹೆಂಡತಿ ಯಮನ್ ಹಾಡಬೇಕೆಂದರೆ ಅವಳ ತೀವ್ರ ಮಧ್ಯಮಕ್ಕೂ ಮನೆಯ ಕರಿ ಒಂದಕ್ಕೂ ಕದನ. ಆದ್ದರಿಂದ ಶುಕ್ರವಾರ ಅವಳ ಯಮನ್‌ಗೆ ಮೀಸಲು, ಉಳಿದವರು ಮೌನ. ಅಪ್ಪನ ಪ್ರೀತಿಯ ಮಾಲಕಂಸದಲ್ಲಿ ಪಂಚಮವೇ ಇಲ್ಲ, ತಬಲಾ ಹೊರಗುಳಿಯುತ್ತದೆ. ಅದಕ್ಕೂ ಒಂದು ಉಪಾಯ ಹೊಳೆದಿದೆ, ಪಕ್ಕಾ ಆಗುವವರೆಗೆ ಬರೆಯುವುದಿಲ್ಲ. ಅಮ್ಮನಿಗೆ ಶ್ರುತಿಯ ಹಂಗೇ ಇರಲಿಲ್ಲ, ಒಗ್ಗರಣೆ ಹಾಕುತ್ತ ಎಲ್ಲೆಂದರಲ್ಲಿ ಎತ್ತಿಕೊಳ್ಳುತ್ತಿದ್ದರು. ಈಗ ಯಾರೂ ಹೇಳದೆಯೇ ಕರಿ ನಾಲ್ಕರಲ್ಲೇ ಎತ್ತಿಕೊಳ್ಳುತ್ತಾರೆ. ಪಿಂಗಾಣಿ ಬಟ್ಟಲುಗಳಿಗೆ ನೀರು ತುಂಬಿ ಕರಿ ಒಂದರ ಜಲತರಂಗ ಕೂಡಿಸುವ ಸಾಹಸವನ್ನೂ ಮಾಡಿದೆ. ಸ್ವರ ಸರಿಯಾಗಿ ಬಂತು, ಮದುವೆಯ ಸೆಟ್ಟಿನ ಎರಡು ಬಟ್ಟಲು ಹೋದವು. ಕುಕ್ಕರ್ ಸೀಟಿಯನ್ನು ಶ್ರುತಿಗೆ ತರುವ ಯತ್ನವನ್ನು ಹೆಂಡತಿ ಅಲ್ಲಿಗೇ ತಡೆದಳು.

ಒಟ್ಟು ಖರ್ಚು, ತಂಬೂರಿ ಸೇರಿ, ಅರವತ್ತರಿಂದ ಎಪ್ಪತ್ತು ಸಾವಿರ. ತಂಬೂರಿಯ ಬದಲು ಎಲೆಕ್ಟ್ರಾನಿಕ್ ಪೆಟ್ಟಿಗೆ ಸಾಕು ಎನ್ನುವವರಿಗೆ ಖರ್ಚು ಸಾಕಷ್ಟು ಇಳಿಯುತ್ತದೆ, ಜವಾರಿಯ ಗುಟ್ಟೂ ಬೇಕಿಲ್ಲ. ಮಗ ಈಗ ಕದ್ರಿ ಗೋಪಾಲನಾಥರ ವಿಡಿಯೊ ನೋಡಿ ಸ್ಯಾಕ್ಸೋಫೋನ್ ಬೇಕೆನ್ನುತ್ತಿದ್ದಾನೆ. ಶ್ರುತಿಯ ಲೆಕ್ಕ ಹಾಕಿ ನೋಡಿದೆ, ಕೂಡುತ್ತದೆ. ಬೆಲೆ ಮಾತ್ರ ಇನ್ನೂ ಕೂಡಿಲ್ಲ.