ಗಾಲಿಗೆ ನೀರು ತುಂಬುವ ಮುನ್ನ ಗಾಳಿಗೆ ದಾರಿ ಬಿಡಿ

ಎರೆ ಹೊಲದಲ್ಲಿ ಪಲ್ಟಿ ನೇಗಿಲು ಇಳಿಸಿದ ಕೂಡಲೇ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗತೊಡಗಿದರೆ ನಮ್ಮ ಕಡೆ ಎರಡು ಮದ್ದು ಹೇಳುತ್ತಾರೆ. ಒಂದು, ಮಡ್‌ಗಾರ್ಡ್ ಮೇಲೆ ಇಬ್ಬರು ಆಳುಗಳನ್ನು ಕೂರಿಸುವುದು. ಇನ್ನೊಂದು, ಭಾರ ಹೆಚ್ಚಿ ಗಾಲಿ ನೆಲ ಹಿಡಿಯಲೆಂದು ಟೈರಿನ ಟ್ಯೂಬಿಗೆ ನೀರು ತುಂಬಿಸುವುದು. ಮೊದಲನೆಯದು ಜೀವ ತೆಗೆಯುವ ಕೆಲಸ. ಎರಡನೆಯದು ಒಳ್ಳೆಯದೇ. ಆದರೆ ಅದನ್ನು ನೆಟ್ಟಗೆ ಮಾಡಿದವರನ್ನು ಸಿಂಧನೂರು ಸೀಮೆಯಲ್ಲಿ ನಾನು ಕಂಡದ್ದು ಕಡಿಮೆ. ನಮ್ಮ ಓಣಿಯವರೇ ಒಬ್ಬರು ಬೋರ್‌ವೆಲ್ ಮೋಟರಿನ ಪೈಪನ್ನು ವಾಲ್ವಿಗೆ ತಂತಿ ಸುತ್ತಿ ಬಿಗಿದು ಸ್ವಿಚ್ ಒತ್ತಿದರು. ಒಳಗಿನ ಗಾಳಿಗೆ ಹೊರದಾರಿಯಿಲ್ಲ, ಮೋಟರಿಗೆ ಕರುಣೆಯಿಲ್ಲ. ಟೈರು ಬಿಗಿದು ಕಲ್ಲಾಯಿತು, ಪೈಪು ಕಿತ್ತು ಹಾರಿತು, ವಾಲ್ವಿನ ಬುಡದಲ್ಲಿ ಟ್ಯೂಬು ಹರಿಯಿತು. ಅವರ ಮುಖಕ್ಕೆ ಪೈಪು ಬಡಿಯಲಿಲ್ಲ ಎಂಬುದಷ್ಟೇ ಅವತ್ತಿನ ಲಾಭ.

ನೀರು ಬೇಕೋ ಬೇಡವೋ ಎಂಬುದನ್ನು ಮೊದಲು ಅಳೆದು ನೋಡಿ. ಟೈರಿನ ಬದಿಗೆ ಸುಣ್ಣದಲ್ಲಿ ಗೆರೆ ಎಳೆಯಿರಿ. ನೇಗಿಲು ಎತ್ತಿ, ಗಾಲಿ ಹತ್ತು ಸುತ್ತು ತಿರುಗುವಷ್ಟು ದೂರ ಓಡಿಸಿ ಅಳೆಯಿರಿ. ಅದೇ ಹೊಲದಲ್ಲಿ ನೇಗಿಲು ಇಳಿಸಿ ಇನ್ನೊಮ್ಮೆ ಹತ್ತು ಸುತ್ತು. ನನ್ನ ಟ್ರ್ಯಾಕ್ಟರು ಎತ್ತಿದಾಗ 39 ಮೀಟರ್ ಹೋಯಿತು, ಇಳಿಸಿದಾಗ 31. ಎಂಟು ಮೀಟರ್ ಜಾರಿಕೆಯಲ್ಲೇ ಹೋಯಿತು, ಅಂದರೆ ನೂರಕ್ಕೆ ಇಪ್ಪತ್ತು. ಉಳುಮೆಯಲ್ಲಿ ನೂರಕ್ಕೆ 10ರಿಂದ 15 ಜಾರಿದರೆ ಸರಿ. ಅದಕ್ಕಿಂತ ಹೆಚ್ಚಾದರೆ ಡೀಸೆಲ್ ಸುಟ್ಟು ಟೈರು ಸವೆಸುತ್ತೀರಿ. ಅದಕ್ಕಿಂತ ಕಡಿಮೆ ಇದ್ದರೆ ಭಾರ ಈಗಾಗಲೇ ಸಾಕಷ್ಟಿದೆ, ಈ ಲೇಖನ ಇಲ್ಲಿಗೇ ಬಿಡಿ. ಟೇಪು ಹಿಡಿಯುವ ತಾಳ್ಮೆ ಇಲ್ಲದವರು ಗಾಲಿಯ ಅಚ್ಚು ನೋಡಬಹುದು. ಅಚ್ಚು ಪೂರ್ತಿ ಅಳಿಸಿಹೋಗಿದ್ದರೆ ಜಾರಿಕೆ ಅತಿಯಾಗಿದೆ. ಒತ್ತಿ ತೆಗೆದಂತೆ ಸ್ಪಷ್ಟವಾಗಿದ್ದರೆ ಭಾರ ಅತಿಯಾಗಿದೆ. ಅಂಚು ಉಳಿದು ನಡು ಕದಡಿದ್ದರೆ ಸರಿಯಾಗಿದೆ.

ಭತ್ತದ ಟ್ರೇಲರ್ ಎಳೆಯುವಾಗ ಮುಂದಿನ ಗಾಲಿ ಏಳುತ್ತದೆ ಎಂದು ಹಿಂದಿನ ಗಾಲಿಗೆ ನೀರು ತುಂಬಿಸುವವರೂ ಇದ್ದಾರೆ. ಇದು ತಲೆನೋವಿಗೆ ಕಾಲು ತಿಕ್ಕಿದ ಹಾಗೆ. ಹಿಂದಿನ ಹಿಡಿತ ಹೆಚ್ಚಿದಷ್ಟೂ ಮೂತಿ ಮೇಲೇಳುವ ಅಪಾಯ ಹೆಚ್ಚು. ಅದಕ್ಕೆ ಬೇಕಾದದ್ದು ಮುಂದಿನ ಬಂಪರಿಗೆ ಕಬ್ಬಿಣದ ತೂಕ ಮತ್ತು ಟ್ರೇಲರಿನಲ್ಲಿ ಕಡಿಮೆ ಚೀಲ.

ಈಗ ಕೆಲಸ. ಗಟ್ಟಿ ನೆಲದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಎರಡೂ ಬದಿ ಕಲ್ಲು ಕೊಡಿ. ಹಿಂದಿನ ಆಕ್ಸಲ್ ಕೆಳಗೆ ಜಾಕ್ ಇಟ್ಟು ಗಾಲಿ ನೆಲದಿಂದ ಎರಡು ಬೆರಳು ಏಳುವಷ್ಟು ಎತ್ತಿ, ಜಾಲಿ ಮರದ ದಿಮ್ಮಿ ಆನಿಸಿ. ಮನೆಯ ಮುಂದೆ ಬಿದ್ದಿರುವ ಶಹಾಬಾದ್ ಕಲ್ಲನ್ನು ಜಾಕಿಗೆ ಅಡಿಗಲ್ಲು ಮಾಡಬೇಡಿ, ಅದು ಹೇಳದೆ ಕೇಳದೆ ಬಿರಿಯುತ್ತದೆ. ಗಾಲಿ ಎತ್ತದೆ ಗಾಳಿ ಬಿಟ್ಟರೆ ಇಡೀ ಭಾರ ಚಪ್ಪಟೆ ಟೈರಿನ ಮೇಲೆ ಕುಳಿತು ಟ್ಯೂಬು ರಿಮ್ಮಿಗೆ ಸಿಕ್ಕಿ ಜಜ್ಜಿಹೋಗುತ್ತದೆ.

ಗಾಲಿ ತಿರುಗಿಸಿ ವಾಲ್ವನ್ನು ನೆತ್ತಿಗೆ ತನ್ನಿ, ಗಡಿಯಾರದ ಹನ್ನೆರಡರ ಜಾಗಕ್ಕೆ. ಲೆಕ್ಕವೆಲ್ಲ ಇದರಲ್ಲೇ ಇದೆ. ವಾಲ್ವ್ ಇರುವುದು ರಿಮ್ಮಿನಲ್ಲಿ, ಟೈರಿನ ಮೇಲ್ತುದಿಯಲ್ಲಲ್ಲ. ನೀರು ವಾಲ್ವಿನ ಮಟ್ಟಕ್ಕೆ ಬಂದಾಗ ಅದರ ಮೇಲೆ ಕಾಲು ಭಾಗ ಗಾಳಿ ಉಳಿದಿರುತ್ತದೆ. ಆ ಮುಕ್ಕಾಲು ನೀರು, ಕಾಲು ಗಾಳಿಯೇ ನಮಗೆ ಬೇಕು. ಪೂರ್ತಿ ತುಂಬಿದರೆ ಇನ್ನೂ ಭಾರ ಸಿಗುತ್ತದಲ್ಲ ಎನ್ನುವವರು ನೆನಪಿಡಿ: ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಬದುವಿನ ಕಲ್ಲಿಗೆ ಗಾಲಿ ಬಡಿದಾಗ ಆ ಪೆಟ್ಟನ್ನು ಟೈರಿನ ನೂಲೇ ತಿನ್ನಬೇಕಾಗುತ್ತದೆ.

ವಾಲ್ವಿನ ಪಿನ್ನನ್ನು ಅದರದೇ ಚಾವಿಯಿಂದ ಮೆಲ್ಲಗೆ ಸಡಿಲಿಸಿ, ಮುಖ ಪಕ್ಕಕ್ಕೆ ಇರಲಿ. ಗಾಳಿ ಪೂರ್ತಿ ಹೋದ ಮೇಲೆ ಪಿನ್ನು ಕೂತಿರುವ ಹೊರಗಿನ ದಪ್ಪ ತಿರುಪನ್ನೂ ಬಿಚ್ಚಿ. ಟ್ರ್ಯಾಕ್ಟರ್ ಟ್ಯೂಬಿನಲ್ಲಿ ಅದು ಇರುವುದೇ ನೀರು ಹೋಗಲೆಂದು. ಅದನ್ನು ಬಿಚ್ಚದೆ ಸಣ್ಣ ತೂತಿನಲ್ಲೇ ತುಂಬಿಸುತ್ತ ಸಂಜೆ ಮಾಡಿದವರನ್ನು ನೋಡಿದ್ದೇನೆ.

ಮೋಟರಿನ ತಂಟೆಗೆ ಹೋಗಬೇಡಿ. 200 ಲೀಟರಿನ ಡ್ರಮ್ಮನ್ನು ವಾಲ್ವಿಗಿಂತ ಒಂದಾಳೆತ್ತರ ಮೇಲಿಡಿ, ಇಲ್ಲವೇ ಮಾಳಿಗೆಯ ಟ್ಯಾಂಕಿನಿಂದಲೇ ಪೈಪ್ ಎಳೆಯಿರಿ. ನೀರು ತನ್ನ ಭಾರಕ್ಕೆ ತಾನೇ ಇಳಿಯಲಿ. ಪೈಪ್ ವಾಲ್ವಿಗೆ ಹಾಕಿದ ಕೂಡಲೇ ಗುಳುಗುಳು ಸದ್ದು ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ತುಂಬಿತೆಂದು ಇಲ್ಲೇ ಮೋಸ ಹೋಗುವುದು. ತುಂಬಿಲ್ಲ. ಒಳಗೆ ಸಿಕ್ಕಿಬಿದ್ದ ಗಾಳಿ ನೀರನ್ನು ತಡೆದಿದೆ. ಪೈಪ್ ಕೀಳಿ. ಗಾಳಿ ನಾಲ್ಕು ಹನಿ ನೀರು ಚಿಮುಕಿಸಿ ಬುಸ್ಸೆಂದು ಹೋಗುತ್ತದೆ. ಸದ್ದು ನಿಂತ ಮೇಲೆ ಮತ್ತೆ ಹಾಕಿ. ಹೀಗೆ ಹದಿನೈದು, ಇಪ್ಪತ್ತು ಸಲ. ಈ ಕಾಟ ಬೇಡವೆಂದರೆ ಗಾಳಿ ಹೋಗಲು ಬೇರೆ ಸಣ್ಣ ನಳಿಕೆ ಇರುವ ಅಡಾಪ್ಟರ್ ಕೊಳ್ಳಿ. ಹಿತ್ತಾಳೆಯದೇ ಇರಲಿ, ಪ್ಲಾಸ್ಟಿಕ್ಕಿನದರ ತಿರುಪಿನ ಸುತ್ತು ಎರಡನೇ ಸಲಕ್ಕೇ ಸವೆಯುತ್ತದೆ. ಆ ನಳಿಕೆಯ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿಟ್ಟರೆ ಗುಳ್ಳೆ ಏಳುವುದು ಕಾಣುತ್ತದೆ. ಗುಳ್ಳೆ ನಿಂತು ಬಾಟಲಿ ತುಂಬಿ ಚೆಲ್ಲತೊಡಗಿದರೆ ನೀರು ವಾಲ್ವಿನ ಮಟ್ಟಕ್ಕೆ ಬಂದಿದೆ, ನಿಲ್ಲಿಸಿ. ಒಂದು ಗಾಲಿಗೆ ಒಂದು ತಾಸು ಹಿಡಿಯಬಹುದು, ಹಿಡಿಯಲಿ.

ಅಂದಾಜಿಗೆ ಹೇಳುವುದಾದರೆ 13.6-28 (ಟೈರಿನ ಅಗಲ, ರಿಮ್ಮಿನ ಅಡ್ಡಳತೆ, ಎರಡೂ ಇಂಚಿನಲ್ಲಿ) ಟೈರಿಗೆ ಸುಮಾರು 160 ಲೀಟರ್, 14.9-28ಕ್ಕೆ ಸುಮಾರು 200, 16.9-28ಕ್ಕೆ ಸುಮಾರು 260 ಲೀಟರ್ ಹೋಗುತ್ತದೆ. ಲೀಟರಿಗೆ ಒಂದು ಕೆಜಿ. ಎಡಕ್ಕೆ ಹೋದಷ್ಟೇ ಬಲಕ್ಕೂ ಹೋಗಬೇಕು. ನಾನು 20 ಲೀಟರಿನ ಕ್ಯಾನಿನಲ್ಲಿ ಅಳೆದು ಡ್ರಮ್ಮಿಗೆ ಸುರಿದು, ಗೋಡೆಗೆ ಇದ್ದಿಲಿನಲ್ಲಿ ಗೀಟು ಹಾಕುತ್ತೇನೆ.

ಕಾಲುವೆಯ ನೀರಾದರೆ ಒಂದು ರಾತ್ರಿ ಡ್ರಮ್ಮಿನಲ್ಲಿ ಬಿಟ್ಟು, ಬಟ್ಟೆಯಲ್ಲಿ ಸೋಸಿಯೇ ಹಾಕಿ. ರಾಡಿ ವಾಲ್ವಿನಲ್ಲಿ ಕೂತರೆ ಗಾಳಿ ನಿಲ್ಲುವುದಿಲ್ಲ. ಸವುಳು ಬೋರಿನ ನೀರು ಬೇಡವೇ ಬೇಡ. ಮೊಬೈಲಿನಲ್ಲಿ ವಿಡಿಯೊ ನೋಡಿದವರು ನೀರಿಗೆ ಬೆರೆಸುವ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣ ಎಲ್ಲಿ ಸಿಗುತ್ತದೆಂದು ಕೇಳುತ್ತಾರೆ. ಅದು ಚಳಿಗೆ ನೀರು ಹೆಪ್ಪುಗಟ್ಟುವ ದೇಶಗಳ ಉಪಾಯ. ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ಯಾವ ನೀರು ಹೆಪ್ಪುಗಟ್ಟೀತು? ಭಾರ ಸ್ವಲ್ಪ ಹೆಚ್ಚುವುದು ನಿಜ, ಆದರೆ ಎಲ್ಲಿ ಸೋರಿದರೂ ರಿಮ್ಮಿಗೆ ತುಕ್ಕು. ಅಡುಗೆ ಉಪ್ಪಿನದೂ ಅದೇ ಕಥೆ. ಹಳೆಯ ಆಯಿಲ್ ಸುರಿದರಂತೂ ಟ್ಯೂಬಿನ ರಬ್ಬರೇ ಊದಿ ಮೆತ್ತಗಾಗುತ್ತದೆ.

ತಿರುಪು, ಪಿನ್ನು ಹಾಕಿ ಗಾಳಿ ಹಿಡಿಯಿರಿ. ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕ ಹೇಳಿದಷ್ಟೇ ಹಿಡಿಯಿರಿ. ಹೊಲದ ಕೆಲಸಕ್ಕೆ ಸಾಮಾನ್ಯವಾಗಿ 12ರಿಂದ 14 ಪಿಎಸ್‌ಐ. ಗಾಳಿ ನೋಡುವಾಗಲೂ ವಾಲ್ವ್ ನೆತ್ತಿಯಲ್ಲೇ ಇರಲಿ. ಕೆಳಗಿದ್ದರೆ ಮೀಟರಿನೊಳಗೆ ನೀರು ನುಗ್ಗುತ್ತದೆ, ನೀರಿನ ಭಾರವೂ ಸೇರಿ ಒಂದು ಪಿಎಸ್‌ಐನಷ್ಟು ಹೆಚ್ಚು ತೋರಿಸುತ್ತದೆ. ನೀರು ತುಂಬಿದ ಗಾಲಿಯಲ್ಲಿ ಗಾಳಿಯ ಜಾಗ ಕಿರಿದು. ಸ್ವಲ್ಪ ಸೋರಿದರೂ ಒತ್ತಡ ಬೇಗ ಇಳಿಯುತ್ತದೆ, ವಾರಕ್ಕೊಮ್ಮೆ ನೋಡಿ. ನೀರು ಹಾಕಿದ ಮೇಲೆ, ನೇಗಿಲು ಇಳಿಸಿದಾಗಿನ ನನ್ನ ಹತ್ತು ಸುತ್ತು 31ರಿಂದ 34 ಮೀಟರಿಗೆ ಬಂತು.

ಗಂಗಾವತಿ, ಸಿರುಗುಪ್ಪ, ಸಿಂಧನೂರಿನ ಭತ್ತದ ರೈತರಿಗೆ ಒಂದು ಮಾತು. ಕಾಲುವೆಗೆ ನೀರು ಬಿಟ್ಟು ಕೆಸರು ಕಲಸುವ ಹೊತ್ತಿಗೆ ಈ ನೀರು ಹೊರಗಿರಬೇಕು. ಕೇಜ್ ವೀಲ್, ಅಂದರೆ ಕಬ್ಬಿಣದ ಪಂಜರದ ಗಾಲಿ, ಕಟ್ಟುವುದೇ ಕೆಸರಿನಲ್ಲಿ ಹೂಳಬಾರದೆಂದು. ಅದರ ಜೊತೆಗೆ ಎರಡೂ ಗಾಲಿ ಸೇರಿ ಮುನ್ನೂರಕ್ಕೂ ಹೆಚ್ಚು ಕೆಜಿ ನೀರನ್ನೂ ಹೊತ್ತು ಕೆಸರಿಗಿಳಿದರೆ ಎಳೆದು ತೆಗೆಯಲು ಇನ್ನೊಂದು ಟ್ರ್ಯಾಕ್ಟರ್ ಬೇಕು. ನೀರು ಹಾಕುವುದು ಒಣ ಉಳುಮೆಗೆ, ಹತ್ತಿ, ಜೋಳದ ಎರೆ ಹೊಲಕ್ಕೆ.

ತೆಗೆಯುವುದು ಸುಲಭ: ಗಾಲಿ ಎತ್ತಿ, ವಾಲ್ವನ್ನು ಕೆಳಗೆ ತಂದು, ಪಿನ್ನು ಮತ್ತು ತಿರುಪು ಬಿಚ್ಚಿ. ಸುರಿತ ನಿಧಾನವಾದರೆ ಒಂದಿಷ್ಟು ಗಾಳಿ ಹೊಡೆದು ಮತ್ತೆ ಬಿಡಿ. ರಿಮ್ಮಿನಿಂದ ಕೆಳಗಿರುವ ಕಾಲು ಭಾಗ ಇಷ್ಟಕ್ಕೂ ಬರುವುದಿಲ್ಲ. ವಾಲ್ವಿನೊಳಗೆ ಸಣ್ಣ ನಳಿಕೆಯನ್ನು ಟೈರಿನ ತಳದವರೆಗೆ ಇಳಿಸಿ, ಪಕ್ಕದಿಂದ ಗಾಳಿ ಕೊಟ್ಟರೆ ಅದೂ ಬರುತ್ತದೆ. ಪಂಕ್ಚರ್ ಅಂಗಡಿಗೆ ಹೋಗುವಾಗ ಒಳಗೆ ನೀರಿದೆ ಎಂದು ಮೊದಲೇ ಹೇಳಿ. ಹೇಳದೆ ಹೋಗಿ, ಟೈರು ಬಿಚ್ಚಿದ ಹುಡುಗನ ಅಂಗಿ, ನೆಲ, ಪಕ್ಕದ ಚಹಾದಂಗಡಿಯ ಒಲೆ ಎಲ್ಲವನ್ನೂ ತೋಯಿಸಿದ ನನಗೆ ಆ ದಿನ ಪಂಕ್ಚರಿನ ದುಡ್ಡಿನ ಜೊತೆ ನಾಲ್ಕು ಚಹಾದ ದುಡ್ಡೂ ತೆರಬೇಕಾಯಿತು.