ಕೀವು ಮೊದಲು ಹೊರಗೆ ಬರಬೇಕು

ಹಲ್ಲಿನ ಸೋಂಕಿನಿಂದ ಕೆನ್ನೆ ಊದಿಸಿಕೊಂಡು ಬರುವವರು ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: "ಡಾಕ್ಟ್ರೇ, ಒಳ್ಳೆ ಪವರ್ ಇರೋ ಮಾತ್ರೆ ಬರೆದುಕೊಡಿ, ಬಾವು ಇಳಿದ ಮೇಲೆ ಬರ್ತೀನಿ." ನಾನು ಒಪ್ಪುವುದಿಲ್ಲ. ಕೀವು ಕಟ್ಟಿದ್ದರೆ ಅವತ್ತೇ ತೆಗೆಯಬೇಕು. ಮಾತ್ರೆ ಕೆಲಸ ಮಾಡುವುದು ರಕ್ತದ ಮೂಲಕ. ನರ ಸತ್ತ ಹಲ್ಲಿನೊಳಗೆ ರಕ್ತವೇ ಓಡಾಡುವುದಿಲ್ಲ. ಕೀವು ತುಂಬಿದ ಜಾಗಕ್ಕೂ ಔಷಧ ಸರಿಯಾಗಿ ಇಳಿಯುವುದಿಲ್ಲ. ನಾಲ್ಕು ದಿನ ನೋವು ತಗ್ಗಬಹುದು, ಮೂಲ ಮಾತ್ರ ಅಲ್ಲೇ ಉಳಿಯುತ್ತದೆ.

ಬಾಯಿ ನೋಡುವ ಮುಂಚೆಯೇ ಕೆಲವು ಪ್ರಶ್ನೆ ಕೇಳುತ್ತೇನೆ. ಎಂಜಲು ನುಂಗೋಕೆ ಆಗ್ತಿದೆಯಾ? ಮಲಗಿದರೆ ಉಸಿರು ಕಟ್ಟುತ್ತಾ? ಬಾಯಿ ಪೂರ್ತಿ ತೆರೆಯುತ್ತಾ? ಜ್ವರ, ಸಕ್ಕರೆ ಕಾಯಿಲೆ, ಪೆನ್ಸಿಲಿನ್ ಅಲರ್ಜಿ ಇದೆಯಾ? ಕೆಳಗಿನ ಕೊನೆಯ ದವಡೆಹಲ್ಲುಗಳ ಬೇರಿನ ತುದಿ ಬಾಯಿಯ ತಳದ ಸ್ನಾಯುವಿಗಿಂತ ಕೆಳಗಿರುತ್ತದೆ. ಅಲ್ಲಿನ ಕೀವು ದವಡೆಯ ಅಡಿಗೆ, ಕುತ್ತಿಗೆಯ ಕಡೆಗೆ ಇಳಿಯಬಹುದು. ಗದ್ದದ ಕೆಳಗೆ ಎರಡೂ ಕಡೆ ಹಲಗೆಯಂತೆ ಗಟ್ಟಿಯಾಗಿ ಊದಿ, ನಾಲಿಗೆ ಮೇಲೆದ್ದಿದ್ದರೆ ಅದು ಲುಡ್ವಿಗ್ ಆಂಜೈನಾ. ಜರ್ಮನ್ ವೈದ್ಯ ಲುಡ್ವಿಗ್ 1836ರಲ್ಲೇ ಇದನ್ನು ವಿವರಿಸಿದ್ದರು. ಇದರಲ್ಲಿ ಉಸಿರಿನ ದಾರಿಯೇ ಮುಚ್ಚಿಹೋಗಬಹುದು. ಇಂಥವರನ್ನು ಕ್ಲಿನಿಕ್ಕಿನಲ್ಲಿ ಕಾಯಿಸುವುದಿಲ್ಲ. ಮೊದಲೇ ಫೋನ್ ಮಾಡಿ, ತುರ್ತು ಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ತಕ್ಷಣ ಕಳಿಸುತ್ತೇನೆ.

ಅಂಥ ಅಪಾಯ ಇಲ್ಲ ಅಂದರೆ ಮುಂದಿನದು ತಪ್ಪಿತಸ್ಥ ಹಲ್ಲನ್ನು ಹುಡುಕುವುದು. ಈ ಕೆಲಸಕ್ಕೆ ನಾನು ಎಷ್ಟು ಹೊತ್ತು ಬೇಕಾದರೂ ಕೊಡುತ್ತೇನೆ. ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತೇನೆ, ಅದೂ ಗಟ್ಟಿ ಇರುವ ಹಲ್ಲಿನಿಂದ ಶುರು ಮಾಡಿ. ಆಗ ರೋಗಿಗೂ ವ್ಯತ್ಯಾಸ ಗೊತ್ತಾಗುತ್ತದೆ. "ಈ ಹಲ್ಲು ಉದ್ದ ಆದಂಗಿದೆ, ಕಚ್ಚೋಕೇ ಆಗಲ್ಲ" ಅಂದರೆ ಬೇರಿನ ತುದಿಯಲ್ಲಿ ಒತ್ತಡ ಇದೆ ಅಂತ ಅರ್ಥ. ಆಮೇಲೆ ತಣ್ಣಗಿನ ಸ್ಪ್ರೇ ಹಾಕಿದ ಹತ್ತಿ ಇಟ್ಟು ನೋಡುತ್ತೇನೆ. ಜುಮ್ ಅನ್ನದಿದ್ದರೆ ನರ ಬಹುಶಃ ಸತ್ತಿದೆ. ತಂಪು ಚೆನ್ನಾಗಿ ತಿಳಿಯುತ್ತಿದ್ದು, ವಸಡಿನ ಸಂದಿಯಲ್ಲಿ ಪ್ರೋಬ್ (ಆಳ ಅಳೆಯುವ ತೆಳು ಕಡ್ಡಿ) ಆಳಕ್ಕೆ ಇಳಿದು ಕೀವು ಬಂದರೆ ಅದು ವಸಡಿನ ಬಾವು. ಅದಕ್ಕೆ ಸಂದಿ ಸ್ವಚ್ಛ ಮಾಡಬೇಕು, ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು, ತೊಳೆದು ತುಂಬುವ ಚಿಕಿತ್ಸೆ) ಬೇಕಾಗಿಲ್ಲ. ಎಕ್ಸ್‌ರೇ ಒಂದನ್ನೇ ನಂಬಬಾರದು. ಮೂಳೆಯ ಖನಿಜಾಂಶ ಸುಮಾರು ಶೇಕಡಾ 30ರಿಂದ 50ರಷ್ಟು ಕರಗುವ ತನಕ ಅದರಲ್ಲಿ ಏನೂ ಕಾಣಿಸದೇ ಇರಬಹುದು.

ವಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು ಒಡೆಯುತ್ತಾ ಇರುವವರದು ಇನ್ನೊಂದು ಕಥೆ. ಕೀವಿಗೆ ತಾನೇ ದಾರಿ ಸಿಕ್ಕಿರುವುದರಿಂದ ನೋವು ಇರುವುದಿಲ್ಲ. ಒಬ್ಬ ಹೆಂಗಸಿಗೆ ಮೇಲಿನ ದವಡೆಯಲ್ಲಿ ಹೀಗಾಗಿತ್ತು. ಗುಳ್ಳೆ ಇದ್ದದ್ದು ಹಳೇ ಫಿಲ್ಲಿಂಗ್ ಇರುವ ಹಲ್ಲಿನ ಮೇಲಿನ ವಸಡಿನಲ್ಲೇ. "ಇದನ್ನ ಕಿತ್ತುಬಿಡಿ" ಅಂದರು. ಗುಟ್ಟಾ ಪರ್ಚಾದ (ರೂಟ್ ಕೆನಾಲ್ ತುಂಬಲು ಬಳಸುವ ರಬ್ಬರಿನಂಥ ವಸ್ತು, ಎಕ್ಸ್‌ರೇಯಲ್ಲಿ ಕಾಣುತ್ತದೆ) ಒಂದು ತೆಳು ಕಡ್ಡಿ ತೆಗೆದುಕೊಂಡು, ಆ ಗುಳ್ಳೆಯ ಬಾಯಿಯಿಂದ ಒತ್ತಡ ಹಾಕದೆ ಒಳಗೆ ಬಿಟ್ಟೆ. ಅದು ತನ್ನಷ್ಟಕ್ಕೆ ಜಾರಿ ನಿಂತಿತು. ಹಾಗೇ ಎಕ್ಸ್‌ರೇ ತೆಗೆದಾಗ ಬಿಳಿ ಗೆರೆ ಪಕ್ಕಕ್ಕೆ ಬಾಗಿ, ಮುಂದಿನ ಹಲ್ಲಿನ ಬೇರಿನ ತುದಿಗೆ ಹೋಗಿ ಮುಟ್ಟಿತ್ತು. ಫಿಲ್ಲಿಂಗ್ ಇದ್ದ ಹಲ್ಲು ತಂಪಿಗೆ ಜುಮ್ ಅಂದಿತು, ಪಕ್ಕದ್ದು ಏನೂ ಅನ್ನಲಿಲ್ಲ. ಕೀಳಬೇಕಾಗಿದ್ದ ಹಲ್ಲು ಉಳಿಯಿತು, ಚಿಕಿತ್ಸೆ ಪಕ್ಕದ್ದಕ್ಕೆ ನಡೆಯಿತು.

ಮರಗಟ್ಟಿಸುವ ಇಂಜೆಕ್ಷನ್ನನ್ನು ಬಾವು ಇರುವ ಜಾಗಕ್ಕೇ ಕೊಟ್ಟರೆ ಹತ್ತುವುದಿಲ್ಲ. ಸೋಂಕಿನ ಜಾಗದಲ್ಲಿ ಆಮ್ಲ ಜಾಸ್ತಿ ಇರುತ್ತದೆ, ಔಷಧ ನರದೊಳಗೆ ಸರಿಯಾಗಿ ಸೇರುವುದಿಲ್ಲ. ಅದಕ್ಕೇ ದೂರದಲ್ಲಿ, ನರದ ಬುಡಕ್ಕೆ ಕೊಡುತ್ತೇನೆ. ಬೆರಳಿಗೆ ಮೆತ್ತಗೆ ಅಲುಗಾಡುವ ಬಾವು ಇದ್ದರೆ ಸಣ್ಣದಾಗಿ ಕೊಯ್ದು, ಕೀವು ತೆಗೆದು, ಸಲೈನ್‌ನಲ್ಲಿ ತೊಳೆಯುತ್ತೇನೆ. ಹಲ್ಲು ಉಳಿಸಬಹುದಾದರೆ ಅದನ್ನು ಬೆರಳಿನಿಂದ ಬಿಗಿಯಾಗಿ ಹಿಡಿದು ಕೊರೆಯುತ್ತೇನೆ, ಇಲ್ಲದಿದ್ದರೆ ಅದುರುವುದೇ ಪ್ರಾಣ ಹಿಂಡುತ್ತದೆ. ಒಳಗಿನ ಕೋಣೆ ತೆರೆದುಕೊಂಡ ಕೂಡಲೇ ಕೆಲವೊಮ್ಮೆ ಕೀವು ಉಕ್ಕಿ ಬರುತ್ತದೆ. ಅದು ನಿಲ್ಲುವ ತನಕ ಕಾಯುತ್ತೇನೆ. ರೋಗಿಯ ಹೆಗಲು ಆ ಹೊತ್ತಿಗೆ ಸಡಿಲ ಆಗಿರುತ್ತದೆ. ಆಮೇಲೆ ಕ್ರಿಮಿ ಕೊಲ್ಲುವ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅನ್ನುವ ಔಷಧ ಇಟ್ಟು, ತಾತ್ಕಾಲಿಕವಾಗಿ ಮುಚ್ಚುತ್ತೇನೆ. ಉಳಿಸಲಾಗದ ಹಲ್ಲನ್ನು ಅವತ್ತೇ ಕೀಳುತ್ತೇನೆ. ಬಾವು ಇದ್ದಾಗ ಕೀಳಬಾರದು ಅನ್ನುವುದು ಹಳೇ ನಂಬಿಕೆ. ಕಿತ್ತ ಗುಳಿಯಿಂದಲೇ ಕೀವು ಇಳಿಯುತ್ತದೆ.

ಆಂಟಿಬಯಾಟಿಕ್ ನಾನೂ ಬರೆಯುತ್ತೇನೆ. ಜ್ವರ ಇದ್ದರೆ, ಊತ ಹರಡುತ್ತಿದ್ದರೆ, ಬಾಯಿ ತೆರೆಯದಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಬೇಕೇ ಬೇಕು. ಅಲರ್ಜಿ ಇಲ್ಲದ ದೊಡ್ಡವರಿಗೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಉಳಿದಂತೆ ಆರೋಗ್ಯವಾಗಿದ್ದು, ಬಾವು ಒಂದೇ ಕಡೆ ಇದ್ದು, ಕೀವು ತೆಗೆದಾಗಿದ್ದರೆ ಬರೆಯುವುದಿಲ್ಲ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಕೊಟ್ಟ ಸಲಹೆಯೂ ಹೀಗೇ ಇದೆ. ಮನೆಯಲ್ಲಿ ಉಳಿದ ಹಳೇ ಮಾತ್ರೆ ನುಂಗಿ ಬರುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಮರುದಿನ ಫೋನ್ ಮಾಡಿ ವಿಚಾರಿಸುತ್ತೇನೆ. ಊತ ಕಣ್ಣಿನ ಕಡೆಗೋ ಕುತ್ತಿಗೆಗೋ ಹೋದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ ಅಂತ ಮೊದಲೇ ಹೇಳಿರುತ್ತೇನೆ. ನೋವು ಹೋದ ಮೇಲೆ ಬಹಳ ಜನ ಕಾಣೆಯಾಗುತ್ತಾರೆ. ತಾತ್ಕಾಲಿಕ ಫಿಲ್ಲಿಂಗ್ ಸವೆದರೆ ಎಂಜಲಿನ ಜೊತೆ ಬ್ಯಾಕ್ಟೀರಿಯಾ ಮತ್ತೆ ಒಳಗೆ ಸೇರುತ್ತವೆ. ಹಾಗಾಗಿ ರೂಟ್ ಕೆನಾಲ್ ಮುಗಿಸುವ ದಿನವನ್ನು ಅವರು ಕುರ್ಚಿಯಿಂದ ಇಳಿಯುವ ಮುಂಚೆಯೇ ಬರೆದುಕೊಡುತ್ತೇನೆ. ಆರು ತಿಂಗಳು, ಒಂದು ವರ್ಷ ಬಿಟ್ಟು ಎಕ್ಸ್‌ರೇ ತೆಗೆದು, ಬೇರಿನ ತುದಿಯಲ್ಲಿ ಮೂಳೆ ತುಂಬಿಕೊಳ್ಳುತ್ತಿದೆಯಾ ಅಂತ ನೋಡುತ್ತೇನೆ.